ಹೆಸರು ಹೇಳಿ ಮಾತಾಡು

ಮೇ ಕೊನೆಯ ವಾರ. ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ, ಸಂಜೆಗೆ ಗುಡುಗಿ, ಅರ್ಧ ಗಂಟೆ ಸುರಿದು ಹೋಗುವ ದಿನಗಳು. ಬಾಳೂರಿನಿಂದ ಮೇಲೆ, ಕಳಸದ ರಸ್ತೆ ಬಿಟ್ಟು ಒಳಗೆ ಹೋದರೆ ದೊಡ್ಡಪ್ಪನ ತೋಟ. ಅವರ ಜಗಲಿಯ ಪಕ್ಕ ಒಂದು ಕೋಣೆಯಿದೆ. ಒಂದು ಕಾಲದಲ್ಲಿ ಏಲಕ್ಕಿ ಮೂಟೆ ಇಡುತ್ತಿದ್ದದ್ದು. ಈಗಲೂ ಬಾಗಿಲು ತೆಗೆದರೆ ಆ ವಾಸನೆ ಬರುತ್ತದೆ. ಅಲ್ಲೊಂದು ಮೇಜು, ಮೇಜಿನ ಮೇಲೆ ಟ್ರಾನ್ಸೀವರ್, ಕೆಳಗೆ ಯುಪಿಎಸ್ ಬ್ಯಾಟರಿ, ಗೋಡೆಯಲ್ಲಿ ಎರಡು ಗಡಿಯಾರ. ಒಂದು ನಮ್ಮ ಸಮಯ ತೋರಿಸುತ್ತದೆ, ಇನ್ನೊಂದು ಐದೂವರೆ ಗಂಟೆ ಹಿಂದಿರುತ್ತದೆ. ಚಿಕ್ಕವಳಿದ್ದಾಗ ನಾನು ಅದು ಕೆಟ್ಟ ಗಡಿಯಾರ ಅಂದುಕೊಂಡಿದ್ದೆ.

ಕಾಫಿ ಲೋಟ ಕೆಳಗಿಟ್ಟು, ಚೀಲದಿಂದ ಎರಡು ವಾಕಿಟಾಕಿ ತೆಗೆದು ಅವರ ಮುಂದಿಟ್ಟೆ.

ದೊಡ್ಡಪ್ಪ: ಇದೆಲ್ಲಿ ಸಿಕ್ತು?

ನಾನು: ಆನ್‌ಲೈನ್‌ನಲ್ಲಿ ತರಿಸಿದೆ. ಐದು ವ್ಯಾಟ್ ಅಂತೆ. ನಮ್ಮ ತೋಟದ ರೈಟರ್ ಹತ್ರ ಒಂದು, ನನ್ನ ಹತ್ರ ಒಂದು. ಆನೆ, ಕಾಟಿ ಬಂದ್ರೆ ಆಳುಗಳಿಗೆ ತಿಳಿಸೋಕೆ. ಮಳೆಗಾಲದಲ್ಲಿ ಮೊಬೈಲ್ ಸತ್ರೆ ನಿಮ್ಮ ಹತ್ರ ಮಾತಾಡೋಕೆ.

ದೊಡ್ಡಪ್ಪ: ಮಾರಿದವರು ನಿನ್ನನ್ನು ಏನಾದ್ರೂ ಕೇಳಿದ್ರಾ?

ನಾನು: ಪಿನ್‌ಕೋಡ್ ಕೇಳಿದ್ರು.

ದೊಡ್ಡಪ್ಪ: ಲೈಸೆನ್ಸ್ ಕೇಳಲಿಲ್ಲ?

ನಾನು: ಇಲ್ಲ.

ದೊಡ್ಡಪ್ಪ: ಹಾಗಾದ್ರೆ ಬ್ಯಾಟರಿ ಬಿಚ್ಚಿ ಡಬ್ಬಿಗೆ ಹಾಕು. ವಾಪಸ್ ಕಳಿಸೋ ಅವಧಿ ಮುಗಿದಿಲ್ಲ ಅಂದ್ರೆ ನಾಳೆಯೇ ಕಳಿಸು.

ನಾನು: ಎಲ್ಲರ ಹತ್ರನೂ ಇದೆ ದೊಡ್ಡಪ್ಪ. ಮದುವೆ ಮನೆ ಅಡುಗೆಯವರ ಹತ್ರನೂ ಇದೆ.

ದೊಡ್ಡಪ್ಪ: ಇರಬಹುದು. ಅವರ ಹತ್ರ ಇರೋದು ಯಾವುದು ಅಂತ ನೀನು ತಿರುಗಿಸಿ ನೋಡಿದ್ದೀಯಾ? ಕೇಳು. 446.0ರಿಂದ 446.2 ಮೆಗಾಹರ್ಟ್ಸ್ ಅಂತ ಒಂದು ಸಣ್ಣ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಮಾತ್ರ ಕೆಲಸ ಮಾಡೋ ಕಡಿಮೆ ಶಕ್ತಿಯ ವಾಕಿಟಾಕಿಗೆ 2018ರಿಂದ ಲೈಸೆನ್ಸ್ ಬೇಡ. ಆದ್ರೆ ಸೆಟ್ಟಿಗೆ ಸರ್ಕಾರದ ಟೈಪ್ ಅಪ್ರೂವಲ್ ಇರಬೇಕು. ತೋಟದ ಕೆಲಸಕ್ಕೆ ನಿನಗೆ ಬೇಕಾದದ್ದು ಅದು. ನೀನು ತಂದದ್ದು 136ರಿಂದ 174ರವರೆಗೆ, 400ರಿಂದ 520ರವರೆಗೆ ಎಲ್ಲಿ ಬೇಕಾದರಲ್ಲಿ ಮಾತಾಡ್ತದೆ. ಪೊಲೀಸ್, ಅರಣ್ಯ ಇಲಾಖೆ, ಹಡಗು, ಎಲ್ಲರ ಮನೆ ಬಾಗಿಲೂ ಅದರೊಳಗೇ ಇದೆ. ಯಾವ ಬಾಗಿಲು ತೆಗೀತಾ ಇದ್ದೀಯ ಅಂತ ನಿನಗೂ ಗೊತ್ತಾಗಲ್ಲ, ರೈಟರಿಗೂ ಗೊತ್ತಾಗಲ್ಲ. ಇಂಥ ಸೆಟ್ಟುಗಳನ್ನು ಆನ್‌ಲೈನ್‌ನಲ್ಲಿ ಹಾಗೇ ಮಾರೋದಕ್ಕೆ ಲಗಾಮು ಹಾಕ್ಬೇಕು ಅಂತ ಗ್ರಾಹಕರ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿನೇ ಹೊರಡಿಸ್ತು.

ನಾನು: ಮಾತಾಡದೆ ಸುಮ್ನೆ ಇಟ್ಕೊಂಡ್ರೆ?

ದೊಡ್ಡಪ್ಪ: ಬ್ರಿಟಿಷರ 1933ರ ವೈರ್‌ಲೆಸ್ ಕಾಯ್ದೆ ಇತ್ತಲ್ಲ, ಅದರಲ್ಲಿ ಲೈಸೆನ್ಸ್ ಇಲ್ಲದೆ ಉಪಕರಣ ಇಟ್ಟುಕೊಳ್ಳೋದೇ ಅಪರಾಧ. ಹಾಡು ಕೇಳೋ ರೇಡಿಯೊಕ್ಕೂ ಲೈಸೆನ್ಸ್ ಇತ್ತು ಮಾರಾಯ್ತಿ. ನನ್ನ ಅಪ್ಪ ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಸೀಲು ಹೊಡೆಸಿಕೊಂಡು ಬರೋರು. ಭದ್ರಾವತಿ ಆಕಾಶವಾಣಿಯಲ್ಲಿ ಕೃಷಿರಂಗ ಕೇಳೋದಕ್ಕೆ! ಅದನ್ನು ಆಮೇಲೆ ತೆಗೆದು ಹಾಕಿದ್ರು. ಮಾತಾಡೋ ರೇಡಿಯೊದ್ದು ಹಾಗೇ ಉಳೀತು. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಪುಸ್ತಕ ಬದಲಾದ್ರೂ ತತ್ವ ಬದಲಾಗಿಲ್ಲ: ತರಂಗ ಎಲ್ಲರ ಸೊತ್ತು, ಬಳಸೋನು ಅಪ್ಪಣೆ ಪಡೆದು ಬಳಸಬೇಕು.

ನಾನು ಡಬ್ಬಿ ಮುಚ್ಚಿದೆ. ಹೊರಗೆ ಸಿಲ್ವರ್ ಮರದ ನೆರಳು ಕಾಫಿ ಕಣದ ಮೇಲೆ ಮಸುಕಾಗುತ್ತಿತ್ತು. ಮೋಡ ಬರುತ್ತಿತ್ತು.

ನಾನು: ಸರಿ. ಅಪ್ಪಣೆ ತಗೋತೇನೆ. ಹವ್ಯಾಸಿ ರೇಡಿಯೊದ್ದು, ಅದೇ ಹ್ಯಾಮ್ ಲೈಸೆನ್ಸ್ ತಗೊಂಡು ಇದೇ ಸೆಟ್ಟಲ್ಲಿ ತೋಟದ ಕೆಲಸ ನಡೆಸ್ತೇನೆ.

ದೊಡ್ಡಪ್ಪ: ಅಲ್ಲೇ ಎಡವಿದೆ. ಹ್ಯಾಮ್ ರೇಡಿಯೊದಲ್ಲಿ ವ್ಯವಹಾರ ಮಾತಾಡೋ ಹಾಗಿಲ್ಲ. ‘ಹತ್ತು ಆಳು ಕಳಿಸು, ಗೊಬ್ಬರದ ಲಾರಿ ಬಂತಾ’ ಅಂದ್ರೆ ಅದು ವ್ಯವಹಾರ. ರೈಟರಿಗೆ ಲೈಸೆನ್ಸ್ ಇಲ್ಲ, ಅವನು ಆ ಗುಂಡಿ ಒತ್ತೋ ಹಾಗೂ ಇಲ್ಲ. ಕಲಿಯೋಕೆ, ಪ್ರಯೋಗಕ್ಕೆ, ಸ್ನೇಹಕ್ಕೆ ಇರೋ ತರಂಗ ಅದು. ರಾಜಕೀಯ ಜಗಳ ಬೇಡ, ಜಾಹೀರಾತು ಬೇಡ, ಹಾಡು ಹಾಕೋದು ಬೇಡ.

ನಾನು: ಹಾಡೂ ಬೇಡವಾ? ಮೈಸೂರಿನ ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೊ ಸ್ಟೇಷನ್ ಮಾಡಿರಲಿಲ್ವಾ?

ದೊಡ್ಡಪ್ಪ: ಮಾಡಿದ್ರು. 1935ರಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರು. 30 ವ್ಯಾಟಿನ ಸಣ್ಣ ಟ್ರಾನ್ಸ್‌ಮಿಟರು. ‘ಆಕಾಶವಾಣಿ’ ಅನ್ನೋ ಹೆಸರು ಆ ಮನೆಯಿಂದ ಹೊರಟು ದೇಶಕ್ಕೆಲ್ಲ ಆಯ್ತು. ಆದ್ರೆ ಅದು ಪ್ರಸಾರ. ಒಬ್ಬ ಹೇಳ್ತಾನೆ, ಊರು ಕೇಳ್ತದೆ. ಇದು ಸಂವಾದ. ಇಬ್ಬರ ಹೆಸರೂ ಗೊತ್ತಿರಬೇಕು, ಇಬ್ಬರೂ ಕೇಳಬೇಕು. ಎರಡಕ್ಕೂ ಬೇಕಾದ ಸಾಮಾನು ಹೆಚ್ಚುಕಡಿಮೆ ಒಂದೇ, ನಡತೆ ಬೇರೆ.

ನಾನು: ಹೆಸರು ಅಂದ್ರೆ ಕಾಲ್‌ಸೈನ್?

ದೊಡ್ಡಪ್ಪ: ಅದೇ. ನಮ್ಮ ದೇಶದ ಹ್ಯಾಮ್‌ಗಳದ್ದು ವಿಯು ಅಂತ ಶುರು. ವಿಯು2 ಅಂದ್ರೆ ಜನರಲ್ ದರ್ಜೆ, ವಿಯು3 ಅಂದ್ರೆ ರಿಸ್ಟ್ರಿಕ್ಟೆಡ್. ಅಂಡಮಾನಿಗೆ ವಿಯು4, ಲಕ್ಷದ್ವೀಪಕ್ಕೆ ವಿಯು7. ಅದರ ಮುಂದೆ ಎರಡೋ ಮೂರೋ ಅಕ್ಷರ. ರಾಜೀವ್ ಗಾಂಧಿ ವಿಯು2ಆರ್‌ಜಿ ಆಗಿದ್ರು. ಪ್ರಧಾನಿಯೂ ಗಾಳಿಯಲ್ಲಿ ಅಷ್ಟೇ, ಕಾಫಿ ಪ್ಲಾಂಟರೂ ಅಷ್ಟೇ. ಶುರುವಿನಲ್ಲಿ ಹೇಳ್ಬೇಕು, ಮಧ್ಯೆ ಮಧ್ಯೆ ಹೇಳ್ಬೇಕು, ಮುಗಿಸುವಾಗ ಹೇಳ್ಬೇಕು. ಹೆಸರಿಲ್ಲದ ಮಾತು ಈ ಮೇಜಿನ ಮೇಲೆ ಬರೀ ಸದ್ದು. ಲೈಸೆನ್ಸ್ ಅಂದ್ರೆ ಬಾಯಿ ಬಿಡೋಕೆ ಪಾಸು ಅಂತ ನೀನು ತಿಳಿದಿದ್ದೀಯ. ಅಲ್ಲ. ಆಡಿದ್ದಕ್ಕೆಲ್ಲ ಹೊಣೆ ಹೊರೋಕೆ ಒಂದು ಹೆಸರು ಕೊಡ್ತಾರೆ, ಅಷ್ಟೇ.

ನಾನು: ಆ ಹೆಸರು ಪಡೆಯೋದು ಹೇಗೆ, ಅದನ್ನು ಹೇಳಿ.

ದೊಡ್ಡಪ್ಪ: ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಅನ್ನೋ ವಿಭಾಗ ಕೊಡ್ತದೆ. 12 ವರ್ಷ ದಾಟಿದವರು ಯಾರೂ ಬರೆಯಬಹುದು. ಓದಿನ ಅರ್ಹತೆ, ಡಿಗ್ರಿ ಏನೂ ಕೇಳಲ್ಲ. ನಿಯಮ 1978ರದ್ದು, ಆಮೇಲೆ ತಿದ್ದುಪಡಿ ಆಗಿದೆ. ಪರೀಕ್ಷೆಗೆ ದೆಹಲಿಗೆ ಹೋಗ್ಬೇಕಾಗಿಲ್ಲ. ಕೇಂದ್ರಗಳ ಪಟ್ಟಿಯಲ್ಲಿ ಬೆಂಗಳೂರೂ ಇದೆ, ಮಂಗಳೂರೂ ಇದೆ. ನಮಗೆ ಮಂಗಳೂರು ಹತ್ತಿರ. ಚಾರ್ಮಾಡಿ ಇಳಿದ್ರೆ ಆಯ್ತು, ಘಾಟಿ ತೆರೆದಿದ್ರೆ!

ನಾನು: ಕಷ್ಟವಾ?

ದೊಡ್ಡಪ್ಪ: ರಿಸ್ಟ್ರಿಕ್ಟೆಡ್ ದರ್ಜೆಗೆ ಒಂದೇ ಪತ್ರಿಕೆ, ಎರಡು ಭಾಗ. ಒಂದು ರೇಡಿಯೊ ಸಿದ್ಧಾಂತ: ಓಮ್‌ನ ನಿಯಮ, ಕೆಪಾಸಿಟರ್, ಟ್ರಾನ್ಸಿಸ್ಟರ್, ಆಂಟೆನಾ. ಪಿಯುಸಿ ಫಿಸಿಕ್ಸ್ ನೆನಪಿದ್ರೆ ಸಾಕು. ಇನ್ನೊಂದು ನಿಯಮಗಳು. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗ್ಬೇಕು, ಒಟ್ಟಿನಲ್ಲೂ ಆಗ್ಬೇಕು. ಎಂಜಿನಿಯರ್‌ಗಳು ಜಾರೋದು ಎರಡನೇ ಭಾಗದಲ್ಲೇ. ಕ್ಯೂ ಕೋಡು, ಬ್ಯಾಂಡಿನ ಅಂಚು, ಅಪಾಯದ ಸಂದೇಶಕ್ಕೆ ಯಾವ ಆದ್ಯತೆ, ಇದೆಲ್ಲ ಬುದ್ಧಿಯಿಂದ ಬರಲ್ಲ, ಓದಬೇಕು. ಜನರಲ್ ದರ್ಜೆಗೆ ಇದರ ಮೇಲೆ ಮೋರ್ಸ್. ನಿಮಿಷಕ್ಕೆ 8 ಪದ, ಕಳಿಸೋದು ಬೇರೆ, ಕೇಳಿ ಬರೆಯೋದು ಬೇರೆ.

ಅವರು ಚಮಚದಿಂದ ಕಾಫಿ ಲೋಟದ ಅಂಚಿಗೆ ಬಡಿದರು. ಮೂರು ಗಿಡ್ಡ, ಒಂದು ಉದ್ದ. ತಡೆದು, ಎರಡು ಗಿಡ್ಡ, ಒಂದು ಉದ್ದ. ‘ವಿ, ಯು’ ಅಂದರು. ಉದ್ದದ್ದನ್ನು ಲೋಟದಲ್ಲಿ ಬಡಿಯಲಾಗದೆ ಚಮಚವನ್ನು ಗಾಜಿಗೆ ಎಳೆದರು. ಒಳಗಿಂದ ದೊಡ್ಡಮ್ಮ ‘ಲೋಟ ಒಡೀಬೇಡಿ’ ಅಂದರು.

ನಾನು: ನಾನು ಯಾವುದಕ್ಕೆ ಕೂರಲಿ?

ದೊಡ್ಡಪ್ಪ: ಮೊದಲು ರಿಸ್ಟ್ರಿಕ್ಟೆಡ್. ಶಾರ್ಟ್‌ವೇವ್‌ನಲ್ಲಿ 50 ವ್ಯಾಟ್ ಸಿಗ್ತದೆ. ಜನರಲ್‌ಗೆ 400. ನಮ್ಮ ಜಿಲ್ಲೆ, ಪಕ್ಕದ ಜಿಲ್ಲೆ ಮುಟ್ಟೋಕೆ 50 ಬೇಕಾದಷ್ಟಾಯ್ತು. ಪಾಸಾದ ಮೇಲೆ ಲೈಸೆನ್ಸಿಗೆ ಅರ್ಜಿ. ಈಗೆಲ್ಲ ಸರಳ್ ಸಂಚಾರ್ ಪೋರ್ಟಲ್ ಮೂಲಕ. ಪೊಲೀಸ್ ಪರಿಶೀಲನೆ ಇರ್ತದೆ, ಹಾಗಾಗಿ ತಿಂಗಳುಗಳು ಹಿಡೀತದೆ. ಈ ಮಳೆಗಾಲಕ್ಕೆ ಅಂತ ಈಗ ಹೊರಟ್ರೆ ಮುಂದಿನ ಮಳೆಗಾಲಕ್ಕೆ ಸಿಕ್ಕೀತು. ನಾನು ಕಂಡ ನಿಯಮದಲ್ಲಿ 20 ವರ್ಷಕ್ಕೆ ಒಂದು ಸಾವಿರ ರೂಪಾಯಿ, ಜೀವಮಾನಕ್ಕೆ ಎರಡು ಸಾವಿರ. ಕಟ್ಟೋ ದಿನ ಪೋರ್ಟಲ್‌ನಲ್ಲಿ ಎಷ್ಟಿದೆ ನೋಡಿ ಕಟ್ಟು. ಏಜೆಂಟ್ ಬೇಡವೇ ಬೇಡ. ಇನ್ನೊಂದು, ಇದನ್ನು ಬರೆದಿಟ್ಕೋ: ಅರ್ಜಿಯಲ್ಲಿ ತೋಟದ ವಿಳಾಸ ಕೊಡು.

ನಾನು: ಆಧಾರಿನಲ್ಲಿ ಬೆಂಗಳೂರಿನ ಬಾಡಿಗೆ ಮನೆ ಇದೆ.

ದೊಡ್ಡಪ್ಪ: ಅದಕ್ಕೇ ಹೇಳಿದ್ದು. ಲೈಸೆನ್ಸಿನಲ್ಲಿ ಸ್ಟೇಷನ್ ಎಲ್ಲಿದೆ ಅಂತ ಇರ್ತದೆ. ನೀನು ಇಲ್ಲಿ ಕೂತು ಮಾತಾಡೋದು, ಕಾಗದದಲ್ಲಿ ಬೆಂಗಳೂರು ಇರೋದು ಆಗಬಾರದು. ಮೊದಲು ಆಧಾರ್ ಇಲ್ಲಿಗೆ ಬದಲಾಯಿಸು, ಆಮೇಲೆ ಅರ್ಜಿ ಹಾಕು. ಸೆಟ್ಟು ಕೊಳ್ಳೋದು ಎಲ್ಲಕ್ಕಿಂತ ಕೊನೆಗೆ. ಹಳೇ ಹ್ಯಾಮ್‌ಗಳ ಹತ್ರ ಒಳ್ಳೆ ಸೆಟ್ಟು ಇರ್ತವೆ. ನಿನ್ನ ಲೈಸೆನ್ಸ್ ನಕಲು ಕೇಳಿದವರ ಹತ್ರ ಮಾತ್ರ ತಗೋ. ಕೇಳದವರಿಗೆ ತಮ್ಮದೂ ಇರೋದು ಅನುಮಾನ.

ನಾನು: ಕಲಿಸೋರು ಯಾರಾದ್ರೂ?

ದೊಡ್ಡಪ್ಪ: ಬೆಂಗಳೂರಿನಲ್ಲಿ ಹ್ಯಾಮ್ ಕ್ಲಬ್ಬಿದೆ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ, ಇಸ್ರೋದವರದೇ ಉಪಗ್ರಹ ಹ್ಯಾಮ್ ಕ್ಲಬ್ ಇದೆ. ಮಂಗಳೂರಿನಲ್ಲೂ ಕ್ಲಬ್ಬಿದೆ. 2005ರ ಮೇ 5ರಂದು ಹ್ಯಾಮ್‌ಗಳಿಗೇ ಅಂತ ‘ಹ್ಯಾಮ್‌ಸ್ಯಾಟ್’ ಹಾರಿತಲ್ಲ, ಅದರಲ್ಲಿ ಬೆಂಗಳೂರಿನವರ ಕೈ ಇತ್ತು. ಒಂದು ಟ್ರಾನ್ಸ್‌ಪಾಂಡರ್ ನಮ್ಮವರದ್ದು, ಇನ್ನೊಂದು ಹಾಲೆಂಡಿನ ಒಬ್ಬ ವಿದ್ಯಾರ್ಥಿಯದ್ದು. ಒಂಬತ್ತು ವರ್ಷ ನಡೀತು ಅದು. 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ನಮ್ಮ ಮಕ್ಕಳ ಜೊತೆ ಮಾತಾಡಿದ್ದೂ ಹ್ಯಾಮ್ ರೇಡಿಯೊದಲ್ಲೇ. ಆದ್ರೆ ಮೊದಲ ಗುರು ಕಿವಿ. ಆರು ತಿಂಗಳು ಬರೀ ಕೇಳು.

ಸ್ವಿಚ್ ಹಾಕಿದರು. ಕೋಣೆಯ ತುಂಬ ಸೋನೆ ಮಳೆಯಂಥ ಸದ್ದು. ಅದರ ಮೇಲೆ ಇನ್ನೊಂದು ಸದ್ದು: ಟಕ್... ಟಕ್... ಟಕ್. ಗಡಿಯಾರಕ್ಕಿಂತ ಸ್ವಲ್ಪ ನಿಧಾನ. ದೊಡ್ಡಪ್ಪ ಅದನ್ನು ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ನನ್ನನ್ನು ಕಿಟಕಿಯ ಹತ್ತಿರ ಕರೆದರು.

ದೊಡ್ಡಪ್ಪ: ಅಲ್ಲಿ ನೋಡು, ಎರಡು ಸಿಲ್ವರ್ ಮರದ ಮಧ್ಯೆ ತಂತಿ ಕಾಣ್ತದಾ?

ನಾನು: ಬಟ್ಟೆ ಒಣಗಿಸೋ ತಂತಿ ಹಾಗಿದೆ.

ದೊಡ್ಡಪ್ಪ: ಅದೇ ನನ್ನ ಆಂಟೆನಾ. ಡೈಪೋಲ್. ಲೆಕ್ಕ ಸುಲಭ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸು, ಮೀಟರಿನಲ್ಲಿ ಉದ್ದ ಬರ್ತದೆ. 7.1ಕ್ಕೆ ಸುಮಾರು 20 ಮೀಟರ್. ನಡುವೆ ಕತ್ತರಿಸಿ, ಒಂದೊಂದು ಕಡೆ ಹತ್ತು ಹತ್ತು. ಮನೆ ವೈರಿಂಗಿನ ತಾಮ್ರದ ವೈರೇ ಸಾಕು. ಮೊದಲು ಅರ್ಧ ಮೀಟರ್ ಉದ್ದವೇ ಬಿಡು, ಎಸ್‌ಡಬ್ಲ್ಯುಆರ್ ಮೀಟರ್ ನೋಡ್ತಾ ಎರಡೂ ತುದಿಯಲ್ಲಿ ಸಮನಾಗಿ ಕತ್ತರಿಸ್ತಾ ಬಾ. ಕತ್ತರಿಸಿದ್ದನ್ನು ಬೆಳೆಸೋಕಾಗಲ್ಲ.

ನಾನು: ಇಷ್ಟು ಕೆಳಗೆ ಕಟ್ಟಿದ್ದೀರಿ? ಇಪ್ಪತ್ತಡಿನೂ ಇಲ್ಲ. ಮುಳ್ಳಯ್ಯನಗಿರಿ ಮೇಲೆ ಹೋಗಿ ಕಟ್ಟಿದ್ರೆ?

ದೊಡ್ಡಪ್ಪ: ಮುಳ್ಳಯ್ಯನಗಿರಿ ನೀನು ತಂದ ವಾಕಿಟಾಕಿ ಜಾತಿಗೆ ಬೇಕು. 145 ಮೆಗಾಹರ್ಟ್ಸ್ ಕಣ್ಣಿಗೆ ಕಂಡಷ್ಟು ದೂರ ಹೋಗೋ ತರಂಗ. 1,930 ಮೀಟರ್ ಮೇಲೆ ನಿಂತ್ರೆ ಐದು ವ್ಯಾಟಿಗೆ ಬಯಲುಸೀಮೆ ಪೂರ್ತಿ ಕಾಣ್ತದೆ. ಅದೇ ಐದು ವ್ಯಾಟ್ ಕಳಸದ ಹೊಂಡದಲ್ಲಿ ನಿಂತ್ರೆ ಪಕ್ಕದ ತೋಟಕ್ಕೂ ಹೋಗಲ್ಲ, ಮಧ್ಯೆ ಗುಡ್ಡ ಕೂತಿರ್ತದೆ. ನಮ್ಮದು ಹೊಂಡ. ಈಗ ಹೇಳು, ಹೂವಿಗೆ ನೀರು ಕೊಡುವಾಗ ಸ್ಪ್ರಿಂಕ್ಲರ್ ಜೆಟ್ ಹೇಗೆ ಇಡ್ತೀರಿ?

ನಾನು: ಮೇಲ್ಮುಖವಾಗಿ. ಇಲ್ಲಾಂದ್ರೆ ಮುಂದಿನ ಗಿಡಕ್ಕೇ ಬಡೀತದೆ.

ದೊಡ್ಡಪ್ಪ: ಅಷ್ಟೇ ವಿಷಯ. ಏಳು ಮೆಗಾಹರ್ಟ್ಸಿನ ತಂತಿ ತಗ್ಗಿನಲ್ಲಿದ್ರೆ ತರಂಗ ಹೆಚ್ಚಾಗಿ ನೆಟ್ಟಗೆ ಮೇಲಕ್ಕೆ ಹೋಗ್ತದೆ. ಇನ್ನೂರೈವತ್ತು ಮುನ್ನೂರು ಕಿಲೋಮೀಟರ್ ಮೇಲೆ ಅಯಾನುಗೋಳದ ಪದರಕ್ಕೆ ತಾಗಿ ಸುತ್ತಲೂ ಕೆಳಗೆ ಬೀಳ್ತದೆ. ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರು ಎಲ್ಲ ಆ ಮಳೆಯೊಳಗೆ ಬರ್ತವೆ. ನಮ್ಮ ಗುಡ್ಡ ಎಷ್ಟು ಎತ್ತರ ಇದ್ರೂ ಅಡ್ಡ ಬರಲ್ಲ. ದೂರದ ದೇಶ ಹಿಡೀಬೇಕು ಅನ್ನೋರು ತಂತಿ ಎತ್ತರಿಸ್ತಾರೆ. ನಮಗೆ ಬೇಕಾದ್ದು ಪಕ್ಕದ ಜಿಲ್ಲೆ. ರಾತ್ರಿ ಆದ ಮೇಲೆ ಆ ಪದರ ತೆಳುವಾಗ್ತದೆ, ಆಗ ಏಳು ಬಿಟ್ಟು 3.5ಕ್ಕೆ ಇಳೀಬೇಕು. ಅದಕ್ಕೆ ತಂತಿ ಎರಡರಷ್ಟು ಉದ್ದ.

ನಾನು: ಮರದ ಮೇಲೆ ಹಗ್ಗ ಹಾಕಿದ್ದು ಹೇಗೆ? ಮೆಣಸು ಕುಯ್ಯೋ ಏಣಿಯಲ್ಲಾ?

ದೊಡ್ಡಪ್ಪನ ಮುಖ ಗಂಭೀರವಾಯಿತು.

ದೊಡ್ಡಪ್ಪ: ಏಣಿ ಮುಟ್ಟಲೇಬೇಡ. ಅಲ್ಯುಮಿನಿಯಂ ಏಣಿ ಕರೆಂಟ್ ಲೈನಿಗೆ ತಾಗಿ ಮೆಣಸು ಕುಯ್ಯೋ ಎಷ್ಟು ಮಕ್ಕಳು ಹೋಗಿದ್ದಾರೆ ಈ ಸೀಮೆಯಲ್ಲಿ, ನಿನಗೇ ಗೊತ್ತು. ಆಂಟೆನಾ ತಂತಿಗೂ ಅದೇ ಮಾತು. ಲೈನಿನ ಹತ್ತಿರ ಕಟ್ಟಬಾರದು, ಲೈನಿನ ಮೇಲೆ ಕೆಳಗೆ ದಾಟಿಸಬಾರದು. ತಂತಿ ಹರಿದು ಬಿದ್ರೂ ಲೈನಿಗೆ ತಲುಪಬಾರದು, ಅಷ್ಟು ದೂರ ಇರಬೇಕು. ನಾನು ಕ್ಯಾಟರ್‌ಬಿಲ್ಲಿನಲ್ಲಿ ಹೊಡೆದೆ. ಗಾಳದ ದಾರ, ತುದಿಯಲ್ಲಿ ಸೀಸದ ಗುಂಡು. ಮೊದಲು ದಾರ, ದಾರದ ಹಿಂದೆ ನೈಲಾನ್ ಹಗ್ಗ. ಒಂದು ತುದಿಗೆ ರಾಟೆ ಹಾಕಿ ನೀರು ತುಂಬಿದ ಬಾಟಲಿ ನೇತು ಹಾಕಿದ್ದೇನೆ, ಕಾಣ್ತದಾ? ಆಷಾಢದ ಗಾಳಿಗೆ ಮರ ತೂಗ್ತದೆ. ಬಿಗಿ ಕಟ್ಟಿದ್ರೆ ತಂತಿ ಕಡೀತದೆ. ಬಾಟಲಿ ಮೇಲೆ ಕೆಳಗೆ ಆಡ್ತದೆ, ತಂತಿ ಉಳೀತದೆ.

ದೂರದಲ್ಲಿ ಗುಡುಗಿತು. ದೊಡ್ಡಪ್ಪ ಬಂದು ಸೆಟ್ಟು ಆಫ್ ಮಾಡಿ, ಹಿಂದಿನ ಕೇಬಲ್ ತಿರುಪಿ ತೆಗೆದು, ಕಿಟಕಿಯಿಂದ ಹೊರಗೆ ಹಾಕಿದರು.

ನಾನು: ಇನ್ನೂ ದೂರ ಇದೆಯಲ್ಲ.

ದೊಡ್ಡಪ್ಪ: ಒಂದು ಸಲ ನಾನೂ ಹಾಗೇ ಅಂದ್ಕೊಂಡೆ. ಮೇ ತಿಂಗಳೇ. ಊಟ ಮಾಡಿ ಬಂದು ತೆಗೀತೇನೆ ಅಂತ ಹೋದೆ. ಅನ್ನ ಸಾರು ಮುಗಿದು ಮಜ್ಜಿಗೆಗೆ ಬರೋಷ್ಟರಲ್ಲಿ ಆ ಆಚೆಯ ಸಿಲ್ವರ್ ಮರ ಸೀಳಿ ಹೋಯ್ತು. ಸೆಟ್ಟಿನೊಳಗೆ ಕರಿ ಮಸಿ. ಪುಣ್ಯಕ್ಕೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆಫ್ ಮಾಡಿದ್ರೆ ಸಾಲದು. ಕೇಬಲ್ ತೆಗೀಬೇಕು, ತೆಗೆದದ್ದು ಕೋಣೆಯಿಂದ ಹೊರಗಿರಬೇಕು, ಕರೆಂಟಿನ ಪ್ಲಗ್ಗೂ ಕೀಳಬೇಕು. ಹೊರಗೆ ಅರ್ತಿಂಗ್ ಕಡ್ಡಿ ಇದೆ, ಆದ್ರೆ ಅದನ್ನು ನಂಬಿ ಮೈಕ್ ಹಿಡ್ಕೊಂಡು ಕೂರೋದಲ್ಲ.

ನಾನು: ಮಳೆಗೆ ಬೇರೇನು ಮಾಡ್ತೀರಿ?

ದೊಡ್ಡಪ್ಪ: ನೀರು ಸಿಡಿಲಿಗಿಂತ ಸಾವಕಾಶವಾಗಿ ಕೊಲ್ಲೋದು. ಕೇಬಲಿನ ಜೋಡಣೆಯಲ್ಲಿ ಒಂದು ಹನಿ ಹೋದ್ರೆ ಸಾಕು, ಒಳಗಿನ ಹೆಣಿಗೆ ಪೂರ್ತಿ ಕಪ್ಪಾಗ್ತದೆ. ರಬ್ಬರ್ ಟೇಪು ಎಳೆದು ಸುತ್ತಿ, ಮೇಲೆ ಮಾಮೂಲಿ ಟೇಪು. ಗೋಡೆ ಒಳಗೆ ಬರೋ ಮೊದಲು ಕೇಬಲ್ ಒಮ್ಮೆ ಕೆಳಗೆ ಜೋಲಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸೆಟ್ಟಿಗೆ ಬೂಸ್ಟು ಹಿಡೀತದೆ. ಬಳಸದ್ದನ್ನು ಕಪಾಟಿನಲ್ಲಿಟ್ಟು ಒಳಗೊಂದು ಸಣ್ಣ ಬಲ್ಬು ಉರಿಸು. ದಿನಾ ಅರ್ಧ ಗಂಟೆ ಬಳಸೋದು ಅದಕ್ಕಿಂತ ಒಳ್ಳೆ ಔಷಧಿ. ಬ್ಯಾಟರಿ ಲೆಕ್ಕನೂ ತಿಳ್ಕೋ: ನೂರು ವ್ಯಾಟಿನ ಸೆಟ್ಟು ಮಾತಾಡುವಾಗ 20 ಆಂಪಿಯರ್ ಎಳೀತದೆ, ಕೇಳುವಾಗ ಒಂದೋ ಎರಡೋ. ಮೂರು ದಿನ ಮೆಸ್ಕಾಂ ಕರೆಂಟ್ ಇಲ್ಲದಿದ್ರೆ ಮಾತಿಗೆ ಬೆಲೆ ಎಷ್ಟು ಅಂತ ಆಗ ಗೊತ್ತಾಗ್ತದೆ.

ನಾನು: ಹತ್ತೊಂಬತ್ತರಲ್ಲಿ ಹಾಗೇ ಆಗಿತ್ತಲ್ಲ.

ದೊಡ್ಡಪ್ಪ: 2019ರ ಆಗಸ್ಟು. ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡವೇ ಮನೆ ತೋಟದ ಮೇಲೆ ಇಳೀತು. ಚಾರ್ಮಾಡಿ ತಿಂಗಳುಗಟ್ಟಲೆ ಮುಚ್ಚಿತು. ಹೆಬ್ಬಾಳೆ ಸೇತುವೆ ಮುಳುಗೋದಂತೂ ವರ್ಷವರ್ಷದ ಕತೆ, ಆ ವರ್ಷ ಹೊರನಾಡಿನ ಕಡೆಯವರು ಯಾವ ಕಡೆಗೂ ಇಲ್ಲ. ಕರೆಂಟಿಲ್ಲ, ಟವರಿಗೆ ಡೀಸೆಲ್ಲಿಲ್ಲ. ಎದುರು ಗುಡ್ಡದಲ್ಲಿ ಬೆಳಕು ಕಾಣ್ತದೆ, ಅಲ್ಲಿರೋರು ಬದುಕಿದ್ದಾರಾ ಅಂತ ಕೇಳೋಕಾಗಲ್ಲ.

ನಾನು: ಅದಕ್ಕೇ ನಾನು ಇದನ್ನು ತಂದದ್ದು ದೊಡ್ಡಪ್ಪ. ಅಂಥ ದಿನ ಲೈಸೆನ್ಸ್ ಯಾರು ಕೇಳ್ತಾರೆ? ಜೀವ ಹೋಗುವಾಗ ಕಾನೂನಾ?

ದೊಡ್ಡಪ್ಪ: ಜೀವ ಹೋಗುವಾಗ ಕೂಗಿದ್ದಕ್ಕೆ ನಿನ್ನನ್ನು ಯಾರೂ ಜೈಲಿಗೆ ಹಾಕಲಿಕ್ಕಿಲ್ಲ. ನನ್ನ ಪ್ರಶ್ನೆ ಅದಲ್ಲ. ಯಾರಿಗೆ ಕೂಗ್ತೀಯ? ಯಾವ ಫ್ರೀಕ್ವೆನ್ಸಿಯಲ್ಲಿ? ಆ ಹೊತ್ತಿಗೆ ಅಲ್ಲಿ ಯಾರು ಕೂತಿರ್ತಾರೆ? ನಿನ್ನ ದನಿ ಯಾರಿಗೆ ಪರಿಚಯ? ಭಾರತಿ ಪ್ರಸಾದ್ ಅಂತ, ಹೆಸರಾಂತ ಹ್ಯಾಮ್. 2004ರ ಡಿಸೆಂಬರಿನಲ್ಲಿ ತಂಡ ಕಟ್ಟಿಕೊಂಡು ಅಂಡಮಾನಿಗೆ ಹೋಗಿದ್ರು. ಹೋದದ್ದು ಬರೀ ಹವ್ಯಾಸಕ್ಕೆ, ಪ್ರಪಂಚದವರ ಜೊತೆ ವಿಯು4ರಿಂದ ಮಾತಾಡೋಕೆ. 26ರ ಬೆಳಿಗ್ಗೆ ಸುನಾಮಿ ಬಂತು. ಫೋನ್ ಸತ್ತಿತು. ಆ ಹೆಂಗಸು ಆಟಕ್ಕೆ ಹೂಡಿದ್ದ ಸ್ಟೇಷನ್ನೇ ದ್ವೀಪಕ್ಕೂ ನೆಲಕ್ಕೂ ಸುದ್ದಿ ದಾಟಿಸೋ ಸೇತುವೆ ಆಯ್ತು. ಯಾಕೆ ಆಯ್ತು? ಹಿಂದಿನ ಅಷ್ಟು ದಿನ ಅವರು ಅಲ್ಲಿಂದ ಮಾತಾಡ್ತಾ ಇದ್ರು. ಪ್ರಪಂಚದ ಕಿವಿ ಆ ಕಾಲ್‌ಸೈನಿಗೆ ಮೊದಲೇ ತಿರುಗಿತ್ತು. 2024ರಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ಕಲ್ಪೆಟ್ಟದ ಕಲೆಕ್ಟರ್ ಆಫೀಸಿನಲ್ಲಿ ಹ್ಯಾಮ್‌ಗಳು ಸ್ಟೇಷನ್ ಹೂಡಿದ್ರು. ಆಡಳಿತ ಒಳಗೆ ಬಿಟ್ಟದ್ದು ಯಾಕೆ? ಯಾರು ಏನು ಅಂತ ಗೊತ್ತಿತ್ತು. ಆಪತ್ತಿನ ದಿನ ಹೊಸಬರ ಪರಿಚಯ ಮಾಡಿಕೊಳ್ಳೋಕೆ ಯಾರಿಗೂ ಪುರುಸೊತ್ತಿರಲ್ಲ.

ನಾನು ಸುಮ್ಮನಾದೆ.

ದೊಡ್ಡಪ್ಪ: ಮಾಮೂಲಿ ದಿನದಲ್ಲಿ ಬೇರೆಯವರ ಸಂದೇಶ ದಾಟಿಸೋದು ನಮ್ಮ ಕೆಲಸ ಅಲ್ಲ, ನಿಯಮವೂ ಬಿಡಲ್ಲ. ಆಪತ್ತಿನಲ್ಲಿ ಬಿಡ್ತದೆ. ಆಗ ಕತೆ ಹೇಳಬಾರದು. ಎಲ್ಲಿ, ಎಷ್ಟು ಜನ, ಏನಾಗಿದೆ, ಏನು ಬೇಕು. ನಾಲ್ಕೇ ಮಾತು. ಬರೆದುಕೊಂಡು ಓದು. ಆ ಕಡೆಯವರು ತಿರುಗಿ ಓದಿ ಹೇಳಲಿ. ‘ಸುಮಾರು ಜನ’ ಅನ್ನಬೇಡ, ‘ಹದಿನಾಲ್ಕು’ ಅನ್ನು. ಕೇಳಿಸಿಕೊಂಡದ್ದನ್ನು ಪೇಟೆಯಲ್ಲಿ ಹೇಳಿಕೊಂಡು ತಿರುಗಬೇಡ, ಅದೂ ನಿಯಮ. ಮಲೆಮನೆಯ ಆ ವಾರ ಸುಳ್ಳು ಸುದ್ದಿ ಗುಡ್ಡಕ್ಕಿಂತ ಜೋರಾಗಿ ಕುಸೀತಿತ್ತು.

ಮಳೆ ನಮ್ಮ ಮೇಲೆ ಬರಲಿಲ್ಲ. ಬಲ್ಲಾಳರಾಯನ ದುರ್ಗದ ಕಡೆ ಸುರಿದು ಹೋಯಿತು. ಗುಡುಗು ಪೂರ್ತಿ ನಿಂತ ಮೇಲೂ ದೊಡ್ಡಪ್ಪ ಅರ್ಧ ಗಂಟೆ ಕಾದರು. ಆಮೇಲೆ ಕೇಬಲ್ ಹಾಕಿ ಸ್ವಿಚ್ ಒತ್ತಿದರು. ಸೋನೆ ಸದ್ದು. ಅದರ ಮೇಲೆ ಮತ್ತೆ: ಟಕ್... ಟಕ್... ಟಕ್.

ನಾನು: ಇದೇನು, ಮೋರ್ಸಾ?

ದೊಡ್ಡಪ್ಪ: ಮೋರ್ಸ್ ಆಗಿದ್ರೆ ಹೆಸರು ಹೇಳ್ತಿತ್ತು. ಇದು ನಮ್ಮ ಸೋಲಾರ್ ಬೇಲಿ. ಮೆಷಿನ್ನು ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸಲ ತಂತಿಗೆ ಶಾಕ್ ಬಿಡ್ತದೆ. ಬೇಲಿ ಸರಿಯಾಗಿದ್ರೆ ಸದ್ದು ಬರಲ್ಲ. ಎಲ್ಲೋ ಕಳೆ ತಾಗಿದೆ, ಅಲ್ಲಿ ಕಿಡಿ ಹಾರ್ತಾ ಇದೆ. ನನಗೆ ರೇಡಿಯೊ ಕೆಡ್ತದೆ, ಬೇಲಿಗೆ ಶಾಕ್ ಕಡಿಮೆ ಆಗ್ತದೆ. ಆನೆಗೆ ಅದು ನಮಗಿಂತ ಮೊದಲು ಗೊತ್ತಾಗ್ತದೆ. ಕತ್ತಿ ತಗೋ, ನಡಿ.

ಒಂದು ಸಣ್ಣ ಪಾಕೆಟ್ ರೇಡಿಯೊ ಮೀಡಿಯಂ ವೇವ್‌ಗೆ ಹಾಕಿ ಕೈಯಲ್ಲಿ ಹಿಡಿದುಕೊಂಡು ಬೇಲಿಯ ಉದ್ದಕ್ಕೂ ನಡೆದರು. ಟಕ್ಕು ಒಮ್ಮೆ ಸಣ್ಣಗೆ, ಒಮ್ಮೆ ದೊಡ್ಡಕ್ಕೆ. ಹಳ್ಳ ದಾಟಿ ಮೂರನೇ ಕಂಬದ ಹತ್ತಿರ ರೇಡಿಯೊ ಚಟೀರ್ ಅಂದಿತು. ಲಂಟಾನದ ಒಂದು ಹಸಿ ಕೊಂಬೆ ತಂತಿಯ ಮೇಲೆ ಒರಗಿತ್ತು. ಮಬ್ಬಿನಲ್ಲಿ ನೀಲಿ ಕಿಡಿ ನನಗೂ ಕಂಡಿತು. ಮೆಷಿನ್ ಆಫ್ ಮಾಡಿ ಬರಲು ಅವರು ಆಳನ್ನು ಓಡಿಸಿದರು, ಆಫ್ ಆಯಿತೆಂದು ರೇಡಿಯೊದಲ್ಲಿ ಖಾತ್ರಿಯಾದ ಮೇಲೆಯೇ ಕತ್ತಿ ನನ್ನ ಕೈಗೆ ಬಂತು.

ವಾಪಸು ಬಂದು ಕೂತಾಗ ಸೆಟ್ಟಿನಲ್ಲಿ ಟಕ್ಕು ಇರಲಿಲ್ಲ. ದೊಡ್ಡಪ್ಪ ಗುಂಡಿ ಒಂದು ಕೂದಲಷ್ಟು ತಿರುಗಿಸಿದರು. ಸೋನೆಯ ಅಡಿಯಿಂದ ಯಾರದೋ ದನಿ ಎದ್ದು ಬಂತು, ಬಾವಿಯ ಒಳಗಿಂದ ಕರೆದ ಹಾಗೆ. ಟಕ್ಕು ಇದ್ದಾಗಲೂ ಅದು ಅಲ್ಲೇ ಇದ್ದಿರಬೇಕು. ನನ್ನ ಕೈ ತಾನಾಗಿಯೇ ಮೈಕಿನ ಕಡೆ ಹೋಯಿತು. ಅವರು ಮೈಕನ್ನು ಸರಿಸಿ, ಪೆನ್ಸಿಲ್ಲನ್ನೂ ಗೀಟು ಹಾಕಿದ ಒಂದು ನೋಟ್‌ಬುಕ್ಕನ್ನೂ ನನ್ನ ಮುಂದೆ ತಳ್ಳಿದರು.

ದೊಡ್ಡಪ್ಪ: ಲಾಗ್ ಪುಸ್ತಕ ಇಡೋದನ್ನು ಇವತ್ತೇ ಕಲಿ. ಮೈಕಿಗೆ ಅಪ್ಪಣೆ ಬೇಕು, ಪೆನ್ಸಿಲ್ಲಿಗೆ ಬೇಡ. ತಾರೀಕು, ಸಮಯ, ಫ್ರೀಕ್ವೆನ್ಸಿ, ಕಾಲ್‌ಸೈನ್.

6.10 ಅಂತ ಬರೆದೆ. ಅವರು ತಲೆಯಾಡಿಸಿ ಎರಡನೇ ಗಡಿಯಾರ ತೋರಿಸಿದರು. ಹೊಡೆದು ಹಾಕಿ 12.40 ಯುಟಿಸಿ ಅಂತ ಬರೆದೆ. 7.1ರ ಹತ್ತಿರದ ಅಂಕಿ ಬರೆದೆ. ಆ ದನಿ ಮತ್ತೆ ಬಂತು: ‘ವಿಕ್ಟರ್, ಯೂನಿಫಾರ್ಮ್, ತ್ರೀ...’ ಉಳಿದದ್ದು ಸೋನೆಯೊಳಗೆ ಮುಳುಗಿತು.

ನಾನು: ಕೊನೇದು ಆಲ್ಫಾ ಅಂದ ಹಾಗಾಯ್ತು. ಬರೀಲಾ?

ದೊಡ್ಡಪ್ಪ: ಕೇಳಿಸ್ತಾ, ಅಂದ ಹಾಗಾಯ್ತಾ?

ನಾನು: ಅಂದ ಹಾಗಾಯ್ತು.

ದೊಡ್ಡಪ್ಪ: ಹಾಗಾದ್ರೆ ಜಾಗ ಬಿಡು. ಮತ್ತೆ ಹೇಳ್ತಾರೆ. ಹೇಳಲೇಬೇಕು.

ವಿಯು3 ಅಂತ ಬರೆದು, ಮುಂದೆ ಮೂರು ಅಕ್ಷರದಷ್ಟು ಜಾಗ ಬಿಟ್ಟು, ಪೆನ್ಸಿಲ್ ಎತ್ತಿ ಹಿಡಿದು ಕಾದೆ.